ಕಾಯುವವರ ಯುದ್ಧ, ನೋಡುವವರ ಯುದ್ಧ

(ಉಡುಪಿಯಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಸಾರ್ವಜನಿಕರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೆಯೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಮಂಗಳೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಸೇರಿ, ದೂರಸಂಪರ್ಕದ ಕೆಲಸದಲ್ಲೇ ನಿವೃತ್ತಳಾದವಳು. ಯುದ್ಧವನ್ನು ಕಣ್ಣಾರೆ ಕಂಡವಳಲ್ಲ. ಆದರೆ ನಮ್ಮ ಎರಡು ಜಿಲ್ಲೆಗಳ ಮನೆಗಳಿಗೆ ಯುದ್ಧ ಹೇಗೆ ಬಂದು ಮುಟ್ಟುತ್ತದೆ ಎಂಬುದನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿಸಿಕೊಂಡಿದ್ದೇನೆ. ಆ ಬಲದ ಮೇಲೆಯೇ ಇವತ್ತು ನಿಮ್ಮ ಮುಂದೆ ನಿಂತಿದ್ದೇನೆ.

1990ರ ಆಗಸ್ಟ್ 2, ಗುರುವಾರ. ನಸುಕಿನಲ್ಲಿ ಇರಾಕಿನ ಸೇನೆ ಕುವೈತಿಗೆ ನುಗ್ಗಿತು. ಇಲ್ಲಿರುವ ವಿದ್ಯಾರ್ಥಿಗಳು ಆಗ ಹುಟ್ಟಿರಲಿಲ್ಲ, ಆದರೆ ನಿಮ್ಮ ಮನೆಯ ಹಿರಿಯರಿಗೆ ಆ ದಿನಗಳ ನೆನಪಿರುತ್ತದೆ. ಬ್ರಹ್ಮಾವರ, ಶಿರ್ವ, ಕಾಪು, ಮೂಲ್ಕಿ, ಬಜಪೆ, ಉಳ್ಳಾಲ, ಯಾವ ಊರಿಗೆ ಹೋದರೂ ಕುವೈತಿನಲ್ಲಿ ದುಡಿಯುವ ಒಬ್ಬರಾದರೂ ಇರುವ ಮನೆ ಸಿಗುತ್ತಿತ್ತು. ಡ್ರೈವರುಗಳು, ನರ್ಸುಗಳು, ಅಡುಗೆಯವರು, ಕಂಪನಿಗಳಲ್ಲಿ ಲೆಕ್ಕ ಬರೆಯುವವರು. ತಿಂಗಳಿಗೊಂದು ಡ್ರಾಫ್ಟ್, ಆಗಾಗ ಕಾಗದ, ಹಬ್ಬಕ್ಕೊಂದು ಫೋನ್, ಇಷ್ಟೇ ಆಗಿನ ಸಂಪರ್ಕ. ದಾಳಿಯಾದದ್ದೇ ತಡ, ಕುವೈತಿನಿಂದ ಹೊರದೇಶಕ್ಕೆ ಹೋಗುವ ಲೈನುಗಳು ಕಡಿದುಹೋದವು.

ಲೈನ್ ಇಲ್ಲವೆಂದು ಗೊತ್ತಿದ್ದೂ ಜನ ಬಂದರು. ಎಸ್‌ಟಿಡಿ ಬೂತುಗಳ ಮುಂದೆ, ನಮ್ಮ ಕೌಂಟರಿನ ಮುಂದೆ, ನಂಬರ್ ಬರೆದ ಚೀಟಿ ಹಿಡಿದು ನಿಂತರು. ಕಾಲ್ ಬುಕ್ ಮಾಡಿಕೊಂಡು ನಾವು ಬೊಂಬಾಯಿಯ ಅಂತರರಾಷ್ಟ್ರೀಯ ಎಕ್ಸ್‌ಚೇಂಜನ್ನು ಹಿಡಿಯುವುದು, ಅಲ್ಲಿಂದ 'ಕುವೈತ್ ಇಲ್ಲ' ಎಂಬ ಉತ್ತರ ಬರುವುದು, ಅದನ್ನು ಈ ಕಡೆ ಹೇಳುವುದು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ದನಿ: "ಲೈನ್ ತಿಕ್ಕ್‌ಂಡಾ ಮಗಾ?" ಲೈನ್ ಸಿಕ್ಕಿತೇ ಎಂದು ತುಳುವಿನಲ್ಲಿ. ಒಬ್ಬ ವಯಸ್ಸಾದ ತಾಯಿ, ಹೆಸರು ಹೇಳುವುದು ಸರಿಯಲ್ಲ, ಕಾಲ್ ಕ್ಯಾನ್ಸಲ್ ಮಾಡಲು ಒಪ್ಪಲೇ ಇಲ್ಲ. ಬುಕ್ ಆಗಿರುವಷ್ಟು ಹೊತ್ತು ಮಗ ಆ ತುದಿಯಲ್ಲಿದ್ದಾನೆ ಎಂಬ ಧೈರ್ಯ ಅವರಿಗೆ.

ಆ ದಿನಗಳಲ್ಲಿ ನಾನು ಗಮನಿಸಿದ್ದು ಜನ ಕೇಳುತ್ತಿದ್ದ ಪ್ರಶ್ನೆಗಳನ್ನು. ಸದ್ದಾಂ ಗೆಲ್ಲುತ್ತಾನೋ ಅಮೆರಿಕ ಗೆಲ್ಲುತ್ತದೋ ಎಂದು ನಮ್ಮ ಕೌಂಟರಿನಲ್ಲಿ ಯಾರೂ ಕೇಳಲಿಲ್ಲ. ಕುವೈತಿನ ಸಾಲ್ಮಿಯಾ ಕಡೆ ಗುಂಡು ಹಾರಿದೆಯೇ, ಇಂಥ ಕಂಪನಿಯ ಕ್ಯಾಂಪಿನವರು ಒಟ್ಟಿಗಿದ್ದಾರೆಯೇ, ಬಸ್ಸು ಹೊರಟಿದೆಯಂತೆ, ಅದರಲ್ಲಿ ಯಾರ್ಯಾರು ಇದ್ದಾರೆ? ಊರು, ಬೀದಿ, ಹೆಸರು, ದಿನ, ಹೇಳಿದವರು ಯಾರು, ಅವರು ಕಣ್ಣಾರೆ ನೋಡಿದರೋ ಇಲ್ಲವೋ. ಕಾಲೇಜಿನ ಮೆಟ್ಟಿಲು ಹತ್ತದ ಹೆಂಗಸರು ಸುದ್ದಿಯನ್ನು ಅಷ್ಟು ಕಟ್ಟುನಿಟ್ಟಾಗಿ ಪರೀಕ್ಷಿಸುತ್ತಿದ್ದರು, ಏಕೆಂದರೆ ತಪ್ಪು ಸುದ್ದಿಗೆ ತೆರಬೇಕಾದ ಬೆಲೆ ಅವರ ಮನೆಯದೇ ಆಗಿತ್ತು.

ಮುಂದಿನದು ನಿಮ್ಮಲ್ಲಿ ಕೆಲವರಿಗಾದರೂ ಗೊತ್ತು. ವಿದೇಶಾಂಗ ಸಚಿವ ಐ.ಕೆ. ಗುಜ್ರಾಲ್ ಬಾಗ್ದಾದಿಗೆ ಹೋಗಿ ಸದ್ದಾಂ ಹುಸೇನರನ್ನು ಕಂಡರು. ನಮ್ಮವರು ಬಾಗ್ದಾದಿನ ಮೇಲಾಗಿ ಮರುಭೂಮಿ ದಾಟಿ ಜೋರ್ಡಾನಿನ ಅಮ್ಮಾನ್ ಸೇರಿದರು. ಅಲ್ಲಿಂದ ಏರ್ ಇಂಡಿಯಾ ಸುಮಾರು ಎರಡು ತಿಂಗಳು, ನಾನೂರ ಎಂಬತ್ತಕ್ಕೂ ಮಿಕ್ಕಿ ವಿಮಾನಗಳಲ್ಲಿ, ಸುಮಾರು 1,70,000 ಭಾರತೀಯರನ್ನು ಕರೆತಂದಿತು. ಮೊದಲು ಬಂದವರ ಜೇಬಿನಲ್ಲಿ ಚೀಟಿಗಳಿದ್ದವು: ಹಿಂದೆ ಉಳಿದವರ ಮನೆಯ ನಂಬರು, ಇಲ್ಲವಾದರೆ ಪಕ್ಕದ ಮನೆಯ ಪಿ.ಪಿ. ನಂಬರು. ಬೊಂಬಾಯಿಯಲ್ಲಿ ಇಳಿದ ಕೂಡಲೇ ಒಂದೊಂದಾಗಿ ಡಯಲ್ ಮಾಡಿ, "ನಿಮ್ಮವರನ್ನು ನಾನು ಇಂಥ ದಿನ ಇಂಥ ಕಡೆ ನೋಡಿದ್ದೇನೆ, ಜೀವ ಇದೆ" ಎಂದು ಹೇಳುತ್ತಿದ್ದರು. ಯಾರ ಗುರುತೂ ಇಲ್ಲದ ಮನೆಗಳಿಗೆ, ತಮ್ಮ ಕೈಯಿಂದ ದುಡ್ಡು ಹಾಕಿ. ನನ್ನ ಮಟ್ಟಿಗೆ ಯುದ್ಧ ವರದಿ ಎಂದರೆ ಇಂದಿಗೂ ಅದೇ.

ಐದೂವರೆ ತಿಂಗಳ ನಂತರ ಅದೇ ಯುದ್ಧ ಇನ್ನೊಂದು ವೇಷದಲ್ಲಿ ಬಂತು. 1991ರ ಜನವರಿ 17ರ ನಸುಕಿನಲ್ಲಿ ಬಾಗ್ದಾದಿನ ಮೇಲೆ ಬಾಂಬು ಬೀಳತೊಡಗಿದಾಗ ಸಿಎನ್‌ಎನ್‌ನ ಬರ್ನಾರ್ಡ್ ಶಾ, ಪೀಟರ್ ಆರ್ನೆಟ್, ಜಾನ್ ಹಾಲಿಮನ್ ಅಲ್ ರಶೀದ್ ಹೋಟೆಲಿನ ಕೋಣೆಯಿಂದ ನೇರವಾಗಿ ಮಾತಾಡುತ್ತಿದ್ದರು. ಜಗತ್ತು ಕುಳಿತಲ್ಲೇ ನೋಡಿತು. ನಮ್ಮ ದೇಶದಲ್ಲೂ ದೊಡ್ಡ ಹೋಟೆಲುಗಳ ಡಿಶ್ ಆಂಟೆನಾಗಳ ಸುತ್ತ ಗುಂಪು ಕೂಡಿತು. ಕೇಬಲ್ ಟಿವಿ ಬೇರೂರಿದ್ದು ಆ ಹೊತ್ತಿನಲ್ಲೇ. ಹಸಿರು ಬೆಳಕಿನ ಆಕಾಶ, ಚಿಮಣಿಯೊಳಗೆ ಗುರಿಯಿಟ್ಟು ಇಳಿಯುವ ಬಾಂಬು, ನಕ್ಷೆಯ ಮುಂದೆ ಕೋಲು ಹಿಡಿದ ನಿವೃತ್ತ ಜನರಲ್. ಪರದೆಯ ಮೇಲೆ ಬಂದದ್ದೆಲ್ಲ ಗುರಿ ತಪ್ಪದ ಬಾಂಬುಗಳೇ. ನಿಜದಲ್ಲಿ ಆ ಯುದ್ಧದಲ್ಲಿ ಸುರಿದ ಬಾಂಬುಗಳಲ್ಲಿ ಅಂಥವು ಹತ್ತರಲ್ಲಿ ಒಂದು ಪಾಲೂ ಇರಲಿಲ್ಲ. ಹಾಗೆ ಗುರಿ ತಪ್ಪದ ಬಾಂಬುಗಳೇ ಫೆಬ್ರುವರಿ 13ರಂದು ಅಮಿರಿಯಾ ಎಂಬಲ್ಲಿನ ಆಶ್ರಯತಾಣಕ್ಕೆ ಬಿದ್ದು, ಒಳಗಿದ್ದ ನಾನೂರಕ್ಕೂ ಹೆಚ್ಚು ನಾಗರಿಕರು ಸತ್ತರು.

ಒಂದೇ ಯುದ್ಧ. ಆಗಸ್ಟಿನಲ್ಲಿ ಅದು ಕಾಯುವವರದಾಗಿತ್ತು, ಜನವರಿಯಲ್ಲಿ ನೋಡುವವರದಾಯಿತು. ಕಾಯುವವರಿಗೆ ಒಬ್ಬನ ಸುದ್ದಿ ಸಾಕು, ಆದರೆ ಅದು ಖಚಿತವಾಗಿರಬೇಕು. ನೋಡುವವರಿಗೆ ಇಡೀ ಯುದ್ಧ ಬೇಕು, ಅದೂ ಬಿಡುವಿಲ್ಲದೆ ಬೇಕು, ಖಚಿತವಾಗಿಲ್ಲದಿದ್ದರೂ ನಡೆಯುತ್ತದೆ. ಆಧುನಿಕ ದೂರಸಂಪರ್ಕ ಈ ಇಬ್ಬರಿಗೂ ದಾರಿ ತೆರೆಯಿತು. ಆದರೆ ಹಣ, ಉಪಗ್ರಹ, ಪರದೆ, ಜಾಹೀರಾತು ಎಲ್ಲವೂ ನೋಡುವವರ ಕಡೆಗೆ ಹರಿದುಹೋದವು ಎಂಬುದು ನನ್ನ ದೂರು. ಇವತ್ತು ಹೇಳಬೇಕೆಂದು ಬಂದದ್ದೂ ಅದನ್ನೇ.

ಸಂಜಯನನ್ನು ಜಗತ್ತಿನ ಮೊದಲ ನೇರಪ್ರಸಾರದ ವರದಿಗಾರ ಎಂದು ಭಾಷಣಗಳಲ್ಲಿ ಹೇಳುವುದುಂಟು. ತಾಳಮದ್ದಳೆ ಕೇಳಿ ಬೆಳೆದ ಊರಿನವರು ನಾವು, ಈ ಮಾತನ್ನು ಸ್ವಲ್ಪ ತಿದ್ದಬೇಕು. ಭೀಷ್ಮಪರ್ವದಲ್ಲಿ ಸಂಜಯ ಹತ್ತು ದಿನಗಳ ಯುದ್ಧ ಮುಗಿದ ಮೇಲೆ ರಣರಂಗದಿಂದ ಧಾವಿಸಿ ಬರುತ್ತಾನೆ. ಮೊದಲು ಸಾವಿನ ಸುದ್ದಿ ಹೇಳುತ್ತಾನೆ: ಭೀಷ್ಮ ಬಿದ್ದ. ಆಮೇಲೆ ಹಿಂದಕ್ಕೆ ಹೋಗಿ, ಅದು ಹೇಗಾಯಿತೆಂದು ಮೊದಲಿನಿಂದ ಬಿಡಿಸಿ ಹೇಳುತ್ತಾನೆ. ದೂರದಲ್ಲಿ ಸುರಕ್ಷಿತವಾಗಿ ಕುಳಿತವನೂ ಅಲ್ಲ ಅವನು. ಕೊನೆಗೊಮ್ಮೆ ಸಾತ್ಯಕಿಯ ಕೈಗೆ ಸೆರೆ ಸಿಕ್ಕಿ, ವ್ಯಾಸರು ಬಂದು ಬಿಡಿಸದಿದ್ದರೆ ತಲೆ ಹೋಗುತ್ತಿತ್ತು. ಇನ್ನು ಅವನ ಮಾತನ್ನು ಕೇಳುತ್ತಿದ್ದವನು ಯಾರು? ನೂರು ಮಕ್ಕಳನ್ನು ಯುದ್ಧಕ್ಕೆ ಕಳುಹಿಸಿ ಅರಮನೆಯಲ್ಲಿ ಕಾಯುತ್ತಿದ್ದ ತಂದೆ. ಮಹಾಭಾರತದ ಯುದ್ಧ ನಮಗೆ ದಕ್ಕಿರುವುದು ಕಾಯುವವನೊಬ್ಬನಿಗೆ ಹೇಳಿದ ಸುದ್ದಿಯಾಗಿ. ಸತ್ತವರ ಹೆಸರುಗಳನ್ನು ಸಂಜಯ ಬಿಡದೆ ಹೇಳುತ್ತಾನೆ. 'ಇದರಲ್ಲಿ ನಿನ್ನ ತಪ್ಪಿದೆ' ಎಂದು ಅರಸನ ಮುಖಕ್ಕೇ ಹೇಳುತ್ತಾನೆ. ಇಂದಿನ ಯಾವ ಚಾನೆಲ್ ತನ್ನ ನೋಡುಗರಿಗೆ ಆ ಮಾತು ಹೇಳೀತು?

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ತಂತಿ ಬಂದ ಮೇಲಿನ ಮೊದಲ ದೊಡ್ಡ ಯುದ್ಧಗಳಲ್ಲಿ ಒಂದು ಕ್ರಿಮಿಯಾದ್ದು. 1854ರ ಅಕ್ಟೋಬರ್ 25ರಂದು ಬಾಲಕ್ಲಾವಾದಲ್ಲಿ ಬ್ರಿಟಿಷ್ ಕುದುರೆಪಡೆಯೊಂದು ತಪ್ಪು ಆಜ್ಞೆಯಿಂದ ನೇರ ಫಿರಂಗಿಗಳ ಬಾಯಿಗೆ ಹೋಗಿ ನಾಶವಾಯಿತು. ವಿಲಿಯಂ ಹವರ್ಡ್ ರಸೆಲ್ ಬರೆದ ವರದಿ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಅಚ್ಚಾದದ್ದು ನವೆಂಬರ್ 14ರಂದು. ಹಡಗಿನಲ್ಲಿ ನಿಧಾನವಾಗಿ ಹೋದ ಅಂಥ ವರದಿಗಳೇ ಜನರನ್ನು ರೊಚ್ಚಿಗೆಬ್ಬಿಸಿ, 1855ರ ಆರಂಭದಲ್ಲಿ ಅಲ್ಲಿನ ಸರ್ಕಾರ ಬೀಳಲು ಕಾರಣವಾದವು. ಕಪ್ಪು ಸಮುದ್ರದಡಿಯಲ್ಲಿ ಕೇಬಲ್ ಹಾಕಿದ್ದು ಆಮೇಲೆ, 1855ರ ವಸಂತದಲ್ಲಿ. ಅದು ಮೊದಲು ದುಡಿದದ್ದು ದೊರೆಗಳಿಗೆ: ಪ್ಯಾರಿಸಿನಲ್ಲಿ ಕುಳಿತ ಚಕ್ರವರ್ತಿ ಮೂರನೆಯ ನೆಪೋಲಿಯನ್ ದಿನದಿನವೂ ತಂತಿ ಕಳುಹಿಸಿ ತನ್ನ ಸೇನಾಪತಿಗೆ ಸಾಕುಸಾಕೆನಿಸಿದ. ಸುದ್ದಿ ವೇಗವಾಗಿ ಬಂದರೆ ಜನ ಹೆಚ್ಚು ತಿಳಿದುಕೊಳ್ಳುತ್ತಾರೆ ಎಂಬುದು ಆಗಲೂ ಖಾತ್ರಿಯಾಗಿರಲಿಲ್ಲ, ಈಗಲೂ ಆಗಿಲ್ಲ.

ತಂತಿ ಯಾರ ಕೈಯಲ್ಲಿದೆ ಎಂಬುದು ಇನ್ನೊಂದು ಪ್ರಶ್ನೆ, ಅದಕ್ಕೆ ಮಂಗಳೂರಿಗೂ ಸಂಬಂಧವಿದೆ. 1914ರ ಆಗಸ್ಟ್ 4ರಂದು ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಮಾರನೆಯ ದಿನವೇ ಬ್ರಿಟಿಷ್ ಹಡಗೊಂದು ಜರ್ಮನಿಯ ಸಮುದ್ರದ ಕೇಬಲ್‌ಗಳನ್ನು ಕಡಿದು ಹಾಕಿತು. ಅಂದಿನಿಂದ ಜಗತ್ತಿಗೆ ಯುದ್ಧದ ಸುದ್ದಿ ಹೆಚ್ಚಾಗಿ ಹೋದದ್ದು ಬ್ರಿಟನ್ನಿನ ತಂತಿಗಳಲ್ಲಿ. ಭಾರತಕ್ಕೂ ಅದೇ ಬಂತು. ಆಗ ಮಂಗಳೂರಿನ ತುಂಬ ಬಾಸೆಲ್ ಮಿಶನ್ನಿನ ಜರ್ಮನರು, ಸ್ವಿಸ್ಸರು ಇದ್ದರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಆ ಮಿಶನ್ನಿನವರೇ. ನಮ್ಮ ಮಾಡಿನ ಹಂಚು ಅವರ ಕಾರ್ಖಾನೆಯದು, ಶಾಲೆ ಅವರದು, ಅಚ್ಚುಕೂಟ ಅವರದು. ಯುರೋಪಿನಿಂದ ಬಂದ ಒಂದು ತಂತಿಗೆ, ಕನ್ನಡ ತುಳು ಮಾತಾಡುತ್ತಿದ್ದ ಈ ನೆರೆಯವರು ಶತ್ರು ದೇಶದವರಾದರು. ಜರ್ಮನ್ ಪಾದ್ರಿಗಳನ್ನು ಸರ್ಕಾರ ಸೆರೆಶಿಬಿರಗಳಿಗೆ ಕಳುಹಿಸಿತು, ಕಾರ್ಖಾನೆಗಳು ಮುಂದೆ ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಒಂದು ಗುಂಡೂ ಹಾರದೆ ಮಂಗಳೂರಿಗೆ ಮೊದಲ ಮಹಾಯುದ್ಧ ಬಂದದ್ದು ಹೀಗೆ. ಅದೇ ಸೆಪ್ಟೆಂಬರ್ 22ರ ರಾತ್ರಿ ಎಂಡನ್ ಎಂಬ ಜರ್ಮನ್ ಹಡಗು ಮದರಾಸಿನ ಎಣ್ಣೆ ಟ್ಯಾಂಕುಗಳಿಗೆ ಗುಂಡು ಹಾರಿಸಿ ಊರಿಗೆ ಊರೇ ಹೆದರಿತು. ನವೆಂಬರಿನಲ್ಲಿ ಆ ಹಡಗು ಕೊಕೊಸ್ ದ್ವೀಪಗಳ ತಂತಿ ಕಚೇರಿಯನ್ನು ಹಾಳುಗೆಡವಲು ಹೋಯಿತು. ಅಲ್ಲಿನ ಆಪರೇಟರುಗಳು ಅಷ್ಟರೊಳಗೆ ಅಪಾಯದ ಸಂದೇಶ ಕಳುಹಿಸಿಬಿಟ್ಟಿದ್ದರು. ಆಸ್ಟ್ರೇಲಿಯದ ಸಿಡ್ನಿ ಎಂಬ ಹಡಗು ಬಂದು ಎಂಡನ್ನಿನ ಕಥೆ ಮುಗಿಸಿತು. ನನ್ನ ವೃತ್ತಿಯವರ ಕೆಲಸವೆಂದು ಇದನ್ನು ಹೇಳುವಾಗ ನನಗೆ ಹೆಮ್ಮೆಯಾಗುತ್ತದೆ.

ರೇಡಿಯೊ ಕಾಲವನ್ನು ಬೇಗ ದಾಟುತ್ತೇನೆ. 1971ರ ಡಿಸೆಂಬರ್ 3ರ ಸಂಜೆ ಪಾಕಿಸ್ತಾನ ನಮ್ಮ ವಿಮಾನ ನಿಲ್ದಾಣಗಳ ಮೇಲೆ ದಾಳಿ ಮಾಡಿತು, ನಡುರಾತ್ರಿ ಕಳೆದ ಮೇಲೆ ಇಂದಿರಾ ಗಾಂಧಿ ಆಕಾಶವಾಣಿಯಲ್ಲಿ ದೇಶಕ್ಕೆ ಮಾತಾಡಿದರು. ಮಂಗಳೂರಿಗೆ ಆಗ ಸ್ವಂತ ಆಕಾಶವಾಣಿ ಕೇಂದ್ರವಿರಲಿಲ್ಲ, ಅದು ಬಂದದ್ದು 1976ರಲ್ಲಿ. ಒಂದು ರೇಡಿಯೊ ಇದ್ದ ಮನೆಯ ಅಂಗಳದಲ್ಲಿ ಇಡೀ ಕೇರಿ ಕೂತು ಕೇಳುತ್ತಿತ್ತು. ನಮ್ಮ ನೌಕಾಪಡೆ ಕರಾಚಿಯ ಮೇಲೆ ನಡೆಸಿದ ದಾಳಿಯ ಸುದ್ದಿಗೆ ಅಂಗಳ ಕುಣಿಯಿತು. ಡಿಸೆಂಬರ್ 9ರಂದು ಖುಕ್ರಿ ಯುದ್ಧನೌಕೆ ಮುಳುಗಿ 18 ಅಧಿಕಾರಿಗಳೂ 176 ನಾವಿಕರೂ ಸಮುದ್ರದ ಪಾಲಾದರು. ಅವರ ಮನೆಗಳಿಗೆ ಹೋದದ್ದು ತಂತಿ. ಟೆಲಿಗ್ರಾಂ ಹಂಚುವ ಪೋಸ್ಟ್‌ಮ್ಯಾನ್ ಗೇಟು ತೆರೆದರೆ ಓದುವ ಮೊದಲೇ ಅಳು ಶುರುವಾಗುತ್ತಿದ್ದ ಕಾಲ ಅದು. ಆದರೂ ಆಗ ಒಂದು ಮರ್ಯಾದೆಯಿತ್ತು: ಅಂಗಳಕ್ಕೆ ಬರುವ ಸುದ್ದಿಗೂ ಗೇಟಿಗೆ ಬರುವ ಸುದ್ದಿಗೂ ದಾರಿ ಬೇರೆಯಿತ್ತು.

ಕಾರ್ಗಿಲ್ಲಿನಲ್ಲಿ ಆ ಎರಡು ದಾರಿಗಳು ಹತ್ತಿರ ಬಂದವು. 1999ರಲ್ಲಿ ಸೈನಿಕರ ಕಾಗದ 56 ಎಪಿಒ ಎಂಬ ಸೇನಾ ಅಂಚೆಯ ವಿಳಾಸದಿಂದ ದಿನಗಟ್ಟಲೆ ತಡವಾಗಿ ಬರುತ್ತಿತ್ತು, ಟೈಗರ್ ಹಿಲ್ ಶಿಖರದ ಕಾಳಗ ಮಾತ್ರ ಅಂದಂದೇ ಟಿವಿಯಲ್ಲಿ ಬರುತ್ತಿತ್ತು. ಬೀಜಿಂಗ್‌ನಲ್ಲಿದ್ದ ಜನರಲ್ ಮುಷರಫ್ ರಾವಲ್ಪಿಂಡಿಯ ತನ್ನ ಅಧಿಕಾರಿಯೊಂದಿಗೆ ಮಾತಾಡಿದ ಫೋನ್ ಕರೆಯನ್ನು ನಮ್ಮವರು ಕದ್ದಾಲಿಸಿ, ಜೂನ್ 11ರಂದು ಜಗತ್ತಿಗೇ ಕೇಳಿಸಿದ್ದೂ ಆಗಲೇ. 2008ರ ನವೆಂಬರಿನಲ್ಲಿ ಮುಂಬೈಯಲ್ಲಿ ಇದು ತಿರುಗುಬಾಣವಾಯಿತು. ಕಮಾಂಡೊಗಳ ಓಡಾಟವನ್ನು ಚಾನೆಲ್ಲುಗಳು ನೇರವಾಗಿ ತೋರಿಸಿದವು, ಗಡಿಯಾಚೆ ಕುಳಿತವರು ಅದನ್ನು ನೋಡುತ್ತ ಒಳಗಿದ್ದ ಉಗ್ರರಿಗೆ ಫೋನಿನಲ್ಲಿ ನಿರ್ದೇಶನ ಕೊಟ್ಟರು. 2012ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ನೇರಪ್ರಸಾರವನ್ನು ಕಟುವಾಗಿ ಖಂಡಿಸಿದೆ.

ಆಮೇಲೆ ಎಲ್ಲವೂ ಒಂದೇ ಫೋನಿನೊಳಗೆ ಬಂದು ಸೇರಿತು.

2022ರ ಫೆಬ್ರುವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದಾಗ ಕರಾವಳಿಯ ವೈದ್ಯಕೀಯ ವಿದ್ಯಾರ್ಥಿಗಳೂ ಅಲ್ಲಿದ್ದರು. ನನಗೆ ಪರಿಚಯದ ಒಂದು ಮನೆಯಲ್ಲಿ ಮಗಳು ಖಾರ್ಕಿವ್‌ನ ಮೆಟ್ರೊ ನಿಲ್ದಾಣದಲ್ಲಿ ಕುಳಿತಿದ್ದಳು. ಹಾಲಿನಲ್ಲಿ ಟಿವಿ ಹಚ್ಚಿಟ್ಟು ನೆಂಟರು ಪುಟಿನ್ ಬಗ್ಗೆ ವಾದ ಮಾಡುತ್ತಿದ್ದರು. ತಾಯಿ ಅಡುಗೆಮನೆಯಲ್ಲಿ ವಾಟ್ಸಾಪ್ ತೆರೆದು ತಾನು ಕಳುಹಿಸಿದ ಮೆಸೇಜಿನ ಕೆಳಗಿನ ಒಂಟಿ ಟಿಕ್ ನೋಡುತ್ತ ಕುಳಿತಿದ್ದರು. ಅದು ಎರಡಾದರೆ ಮಗಳ ಫೋನಿಗೆ ಸಿಗ್ನಲ್ ಇದೆ, ನೀಲಿಯಾದರೆ ಮಗಳಿದ್ದಾಳೆ. ಒಂದೇ ಸೂರಿನ ಕೆಳಗೆ ಎರಡು ಯುದ್ಧ ನಡೆಯುತ್ತಿತ್ತು. ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ಖಾರ್ಕಿವ್‌ನಲ್ಲಿ ಊಟದ ಸಾಮಾನಿಗೆಂದು ಸಾಲಿನಲ್ಲಿ ನಿಂತಿದ್ದಾಗ ಶೆಲ್ ದಾಳಿಗೆ ಬಲಿಯಾದ. ಆ ಸುದ್ದಿ ಬಂದ ಮೇಲೆ ಕರ್ನಾಟಕದ ಎಷ್ಟು ತಾಯಂದಿರು ಆ ಟಿಕ್ ನೋಡುತ್ತ ರಾತ್ರಿ ಕಳೆದರೋ.

ಆ ಎರಡನೆಯ ಟಿಕ್ ಬರುವಂತೆ ಮಾಡಿದವರ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ದಾಳಿ ಶುರುವಾದ ಹೊತ್ತಿಗೇ ವಯಾಸ್ಯಾಟ್ ಕಂಪನಿಯ ಉಪಗ್ರಹ ಜಾಲಕ್ಕೆ ಸೈಬರ್ ದಾಳಿಯಾಗಿ ಸಾವಿರಾರು ಮೋಡೆಮ್‌ಗಳು ಸತ್ತವು. ದೂರದ ಜರ್ಮನಿಯಲ್ಲಿ ಸುಮಾರು 5,800 ಗಾಳಿಯಂತ್ರಗಳ ದೂರನಿಯಂತ್ರಣ ಕೂಡ ತಪ್ಪಿಹೋಯಿತು. ಆದರೂ ಉಕ್ರೇನಿನ ಮೊಬೈಲ್ ಜಾಲ ನಿಂತುಹೋಗಲಿಲ್ಲ. ಪೈಪೋಟಿಯ ಮೂರು ಕಂಪನಿಗಳು ಒಂದರ ಗ್ರಾಹಕರು ಇನ್ನೊಂದರ ಟವರ್ ಬಳಸಬಹುದೆಂದು ಒಪ್ಪಿಕೊಂಡವು. ಲೈನ್‌ಮ್ಯಾನ್‌ಗಳು ಶೆಲ್ ಬೀಳುವ ಊರುಗಳಿಗೆ ಹೋಗಿ ಫೈಬರ್ ಜೋಡಿಸಿದರು. ಮಳೆಗಾಲದಲ್ಲಿ ಚಾರ್ಮಾಡಿ ಕಡೆ ಕೇಬಲ್ ಕಡಿದಾಗ ನಮ್ಮ ಹುಡುಗರು ಕೊಚ್ಚೆಯಲ್ಲಿ ನಿಂತು ಜೋಡಿಸುವುದನ್ನು ಕಂಡಿದ್ದೇನೆ. ಅದನ್ನೇ ಬಾಂಬಿನ ಕೆಳಗೆ ಮಾಡುವುದೆಂದರೇನು ಎಂದು ಊಹಿಸಲು ಪ್ರಯತ್ನಿಸಿದ್ದೇನೆ. ಆಗುವುದಿಲ್ಲ.

2023ರ ಅಕ್ಟೋಬರ್ 7. ಹಮಾಸ್ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಮಂದಿ ಸತ್ತರು, 251 ಮಂದಿ ಒತ್ತೆಯಾಳುಗಳಾದರು. ಹಿರಿಯರ ಆರೈಕೆಯ ಕೆಲಸಕ್ಕೆಂದು ನಮ್ಮ ಎರಡು ಜಿಲ್ಲೆಗಳಿಂದ ಹೋದ ಬಹಳ ಮಂದಿ ಅಲ್ಲಿದ್ದಾರೆ, ನಿಮಗೆ ಗೊತ್ತು. ವೀಡಿಯೊ ಕಾಲಿನ ನಡುವೆ ಸೈರನ್ ಆಗುವುದು, ಫೋನ್ ಹಾಗೆಯೇ ಬಿಟ್ಟು ಅಜ್ಜನನ್ನೋ ಅಜ್ಜಿಯನ್ನೋ ಹಿಡಿದುಕೊಂಡು ಸುರಕ್ಷಿತ ಕೋಣೆಗೆ ಓಡುವುದು, ಇಲ್ಲಿ ಮನೆಯವರು ಖಾಲಿ ಗೋಡೆಯನ್ನು ನೋಡುತ್ತ ಕೂರುವುದು. ಆ ದಿನದ ಒಂದು ಘಟನೆ ನನ್ನ ನಿದ್ದೆ ಕೆಡಿಸಿದೆ. ಒಬ್ಬ ವೃದ್ಧೆಯನ್ನು ಕೊಂದವರು ಆಕೆಯದೇ ಫೋನಿನಿಂದ ಆಕೆಯದೇ ಫೇಸ್‌ಬುಕ್ ಖಾತೆಗೆ ಆ ದೃಶ್ಯ ಹಾಕಿದರು. ಮೊಮ್ಮಗಳಿಗೆ ಅಜ್ಜಿಯ ಸಾವು ತಿಳಿದದ್ದು ಅದರಿಂದ. ಕಾಯುವವಳನ್ನು ಬಲವಂತವಾಗಿ ನೋಡುವವಳನ್ನಾಗಿ ಮಾಡಿದ ಕ್ರೌರ್ಯ ಅದು.

ಗಾಜಾದ ಕಡೆ ನೋಡಿದರೆ, ಅಲ್ಲಿ ಹೊರದೇಶದ ಪತ್ರಕರ್ತರಿಗೆ ಸ್ವತಂತ್ರವಾಗಿ ಹೋಗಲು ಬಿಡಲೇ ಇಲ್ಲ. ಒಳಗಿದ್ದು ವರದಿ ಮಾಡಿದವರು ಅಲ್ಲಿಯವರೇ. ಪತ್ರಕರ್ತರ ರಕ್ಷಣಾ ಸಮಿತಿ 1992ರಿಂದ ಇಟ್ಟಿರುವ ಲೆಕ್ಕದಲ್ಲಿ ಬೇರೆ ಯಾವ ಸಂಘರ್ಷದಲ್ಲೂ ಅಷ್ಟು ಮಂದಿ ಪತ್ರಕರ್ತರು ಸತ್ತಿಲ್ಲ. ಅಕ್ಟೋಬರ್ 27ರ ರಾತ್ರಿ ಫೋನ್, ಇಂಟರ್ನೆಟ್ ಎರಡೂ ಪೂರ್ತಿ ನಿಂತು, ಒಂದೂವರೆ ದಿನದಷ್ಟು ಹೊತ್ತು ಅಲ್ಲಿನ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರ ದನಿ ಹೊರಗೆ ಬರಲಿಲ್ಲ. ಮುಂದೆ 2024ರ ಜನವರಿಯಲ್ಲಿ ಖಾನ್ ಯೂನಿಸ್‌ನಲ್ಲಿ ಲೈನ್ ದುರಸ್ತಿಗೆ ಹೋದ ಪಾಲ್ಟೆಲ್ ಕಂಪನಿಯ ಇಬ್ಬರು ಸಿಬ್ಬಂದಿ ಸತ್ತರು.

ಅದೇ ಜನವರಿ 29ರಂದು ಗಾಜಾ ನಗರದಲ್ಲಿ ಒಂದು ಕಾರಿನೊಳಗೆ, ಸತ್ತುಹೋದ ಬಂಧುಗಳ ನಡುವೆ, ಒಬ್ಬ ಪುಟ್ಟ ಹುಡುಗಿ ಒಬ್ಬಳೇ ಉಳಿದಳು. ಅವಳ ಬಳಿ ಫೋನಿತ್ತು. ರೆಡ್ ಕ್ರೆಸೆಂಟಿನ ಕಚೇರಿಯಲ್ಲಿದ್ದ ಸಿಬ್ಬಂದಿ ಗಂಟೆಗಟ್ಟಲೆ ಅವಳೊಂದಿಗೆ ಮಾತಾಡುತ್ತಲೇ ಇದ್ದರು. ಬನ್ನಿ, ನನ್ನನ್ನು ಕರೆದುಕೊಂಡು ಹೋಗಿ ಎಂದು ಅವಳು ಕೇಳುತ್ತಲೇ ಇದ್ದಳು. ಆಂಬುಲೆನ್ಸ್ ಹೊರಟಿತು, ಅದರ ಸಂಪರ್ಕವೂ ಹೋಯಿತು. ಹನ್ನೆರಡು ದಿನಗಳ ನಂತರ ಅವಳ ದೇಹವೂ, ಸುಟ್ಟುಹೋದ ಆಂಬುಲೆನ್ಸಿನ ಇಬ್ಬರ ದೇಹಗಳೂ ಸಿಕ್ಕಿದವು. ಆ ಧ್ವನಿಮುದ್ರಣವನ್ನು ಜಗತ್ತು ಕೇಳಿದೆ. ನಾನು ಕೇಳುವಾಗ ನನ್ನ ಮನಸ್ಸು ಹೋದದ್ದು ಆ ಮಗುವಿನ ಬಳಿಗೆ ಎಷ್ಟೋ, ಲೈನಿನ ಈ ತುದಿಯಲ್ಲಿದ್ದ ಹೆಂಗಸಿನ ಬಳಿಗೂ ಅಷ್ಟೇ. ಹೆಡ್‌ಫೋನ್ ಹಾಕಿಕೊಂಡವಳಿಗೆ ಬರುವ ಅತಿ ದೊಡ್ಡ ಕಷ್ಟ ಅದು: ಲೈನ್ ಚೆನ್ನಾಗಿದೆ, ದನಿ ಸ್ಪಷ್ಟವಾಗಿದೆ, ನಮ್ಮ ಕೈಯಲ್ಲಿ ಬೇರೇನೂ ಇಲ್ಲ. ದೂರಸಂಪರ್ಕ ದೂರವನ್ನು ಇಲ್ಲವಾಗಿಸುತ್ತದೆ ಎಂದು ಯಾರಾದರೂ ಹೇಳಿದಾಗಲೆಲ್ಲ ನನಗೆ ಆ ಕರೆ ನೆನಪಾಗುತ್ತದೆ.

ನಮ್ಮೂರಿನಲ್ಲೂ ಒಮ್ಮೆ ಇದು ತಿರುಗಿ ನಿಂತಿತ್ತು. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪ್ರತಿಭಟನೆಯ ವೇಳೆ ಪೊಲೀಸ್ ಗೋಲಿಬಾರಿನಲ್ಲಿ ಇಬ್ಬರು ಸತ್ತು, ಕರ್ಫ್ಯೂ ಬಂತು, ಮೊಬೈಲ್ ಇಂಟರ್ನೆಟ್ಟನ್ನು 48 ಗಂಟೆ ನಿಲ್ಲಿಸುವ ಆದೇಶವಾಯಿತು. ಅದು ಯುದ್ಧವಲ್ಲ, ಹೋಲಿಸುವುದೂ ತಪ್ಪು. ಆದರೆ ಆ ಎರಡು ದಿನ ದುಬೈ, ದಮ್ಮಾಮ್, ದೋಹಾದಲ್ಲಿರುವ ಮಕ್ಕಳು ಊರಿನ ಅಪ್ಪ ಅಮ್ಮನ ಸುದ್ದಿಗೆ ಕಾದರು. ಅದುವರೆಗೆ ಇಂಟರ್ನೆಟ್ ನಿಲ್ಲಿಸಿದರೆ ಒಳ್ಳೆಯದೇ ಆಯಿತು, ವದಂತಿ ನಿಲ್ಲುತ್ತದೆ ಎನ್ನುತ್ತಿದ್ದ ಅನೇಕರು ಆಮೇಲೆ ಹಾಗೆ ಮಾತಾಡಿದ್ದನ್ನು ನಾನು ಕೇಳಿಲ್ಲ.

ಇನ್ನು 2025ರ ಮೇ ತಿಂಗಳು. ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಮಂದಿಯನ್ನು ಉಗ್ರರು ಕೊಂದರು. ಮೇ 7ರ ನಸುಕಿನಲ್ಲಿ ಆಪರೇಷನ್ ಸಿಂಧೂರ ನಡೆಯಿತು. ಮೇ 8ರ ರಾತ್ರಿ ನೀವೂ ಎಚ್ಚರವಾಗಿದ್ದಿರಿ, ನಾನೂ ಇದ್ದೆ. ಕರಾಚಿ ಬಂದರು ನಾಶವಾಯಿತು, ಅಲ್ಲಿ ದಂಗೆಯಾಯಿತು, ಇಂಥ ನಗರ ನಮ್ಮ ವಶವಾಯಿತು, ಹೀಗೆ ಚಾನೆಲ್ಲಿನಿಂದ ಚಾನೆಲ್ಲಿಗೆ ಕೂಗು ಏರಿತು. ಬೆಳಗಾದಾಗ ಅವುಗಳಲ್ಲಿ ಒಂದೂ ನಿಜವಾಗಿರಲಿಲ್ಲ. ವೀಡಿಯೊ ಗೇಮಿನ ದೃಶ್ಯಗಳು ಯುದ್ಧದ ದೃಶ್ಯಗಳೆಂದು ಓಡಾಡಿದವು. ನಮ್ಮ ವಠಾರದ ವಾಟ್ಸಾಪ್ ಗುಂಪಿನಲ್ಲೂ ಬಂದವು, ಒಳ್ಳೆಯ ಜನರೇ ಕಳುಹಿಸಿದರು. ಸ್ಟುಡಿಯೊಗಳಲ್ಲಿ ವಾಯುದಾಳಿಯ ಸೈರನ್ನನ್ನು ಹಿನ್ನೆಲೆ ಸಂಗೀತದಂತೆ ನುಡಿಸಿದರು. ನಿಜವಾದ ಸೈರನ್ ಆದಾಗ ಜನ ಓಡಬೇಕು, ಇದನ್ನು ಹೀಗೆ ಬಳಸಬೇಡಿ ಎಂದು ಕೊನೆಗೆ ಸರ್ಕಾರವೇ ಸೂಚನೆ ಹೊರಡಿಸಬೇಕಾಯಿತು. ಟೆಲ್ ಅವೀವ್‌ನಲ್ಲಿರುವ ನಮ್ಮ ಹುಡುಗಿಯರಿಗೆ ಆ ಸದ್ದು ಕೇಳಿದರೆ ಕಾಲು ತಾನಾಗಿ ಕೋಣೆಯ ಕಡೆ ಓಡುತ್ತದೆ. ಇಲ್ಲಿ ಅದೇ ಸದ್ದಿಗೆ ಜನ ಕುರ್ಚಿ ಟಿವಿಯ ಹತ್ತಿರಕ್ಕೆ ಎಳೆದುಕೊಂಡರು. ಈ ಇಡೀ ಉಪನ್ಯಾಸವನ್ನು ನೀವು ಮರೆತರೂ ಇದೊಂದನ್ನು ಮರೆಯಬೇಡಿ ಎಂದು ಬೇಡುತ್ತೇನೆ.

ಆ ದಿನಗಳಲ್ಲಿ ನಿಜವಾಗಿ ಶೆಲ್ ಬಿದ್ದದ್ದು ಜಮ್ಮುವಿನ ಪೂಂಚ್‌ನಂಥ ಊರುಗಳ ಮೇಲೆ. ಅಲ್ಲಿ ಸತ್ತ ನಾಗರಿಕರಲ್ಲಿ ಒಬ್ಬರು ಮದರಸಾದ ಶಿಕ್ಷಕರು. ಪಾಕಿಸ್ತಾನದ ಶೆಲ್ಲಿಗೆ ಬಲಿಯಾದ ಈ ಭಾರತೀಯನನ್ನು ಕೆಲವು ಚಾನೆಲ್ಲುಗಳು ಗಡಿಯಾಚೆ ನಮ್ಮ ಸೇನೆ ಕೊಂದ ಉಗ್ರನೆಂದು ಫೋಟೊ ಸಮೇತ ತೋರಿಸಿದವು. ಅದು ಸುಳ್ಳೆಂದು ಪೂಂಚ್ ಪೊಲೀಸರು ಹೇಳಿಕೆ ಕೊಟ್ಟರು. ದೇಹವನ್ನು ಮಣ್ಣು ಮಾಡಿ ಬಂದ ಮನೆಯವರು ಟಿವಿಯಲ್ಲಿ ಅದನ್ನು ನೋಡಬೇಕಾಯಿತಲ್ಲ. ಊರು ಯಾವುದು, ಹೆಸರೇನು, ನೋಡಿದವರು ಯಾರು ಎಂದು ಪೂಂಚ್‌ಗೆ ಒಂದು ಫೋನ್ ಮಾಡಿ ವಿಚಾರಿಸಿದ್ದರೆ ಗೊತ್ತಾಗುತ್ತಿತ್ತು. 1990ರಲ್ಲಿ ಚೀಟಿ ಹಿಡಿದು ನಿಂತ ಹೆಂಗಸರು ಬೇಡಿದ್ದು ಅಷ್ಟನ್ನೇ. ಆಗ ಲೈನ್ ಇರಲಿಲ್ಲ, ಈಗ ಇದ್ದೂ ಮಾಡಲಿಲ್ಲ.

ಹೋರಾಟ ನಿಂತ ಬಗೆಯನ್ನೂ ಗಮನಿಸಿ. ಮೇ 10ರ ಮಧ್ಯಾಹ್ನ 3.35ಕ್ಕೆ ಪಾಕಿಸ್ತಾನದ ಸೇನಾ ಕಾರ್ಯಾಚರಣೆಗಳ ಮಹಾನಿರ್ದೇಶಕರು ನಮ್ಮ ಮಹಾನಿರ್ದೇಶಕರಿಗೆ ಫೋನ್ ಮಾಡಿದರು. ಸಂಜೆ 5 ಗಂಟೆಯಿಂದ ಗುಂಡು ನಿಲ್ಲಿಸುವುದೆಂದು ಇಬ್ಬರೂ ಒಪ್ಪಿದರು. ಇಬ್ಬರು ಮನುಷ್ಯರು, ಒಂದು ಲೈನು, ತಗ್ಗಿದ ದನಿ. ಅದನ್ನು ನಮ್ಮ ವಿದೇಶಾಂಗ ಕಾರ್ಯದರ್ಶಿ ಹೇಳುವ ಮೊದಲೇ ಅಮೆರಿಕದ ಅಧ್ಯಕ್ಷರು ತಮ್ಮ ಸೋಷಿಯಲ್ ಮೀಡಿಯಾ ಖಾತೆಯಲ್ಲಿ ಬರೆದು, ಜಗತ್ತಿಗೆ ಅದೇ ಸುದ್ದಿಯಾಯಿತು ಎಂಬುದು ಬೇರೆ ಮಾತು.

ವಿದ್ಯಾರ್ಥಿಯೊಬ್ಬರು ಮೊದಲೇ ಚೀಟಿಯಲ್ಲಿ ಕೇಳಿದ್ದಾರೆ: ಹಾಗಾದರೆ ನಾವು ಯುದ್ಧದ ಸುದ್ದಿಯನ್ನು ನೋಡಲೇಬಾರದೇ? ನೋಡಬೇಕು ಮಗಾ. ನೋಡದಿದ್ದರೆ ಗಾಜಾದ ಆ ಕರೆಯೂ ನಮಗೆ ಮುಟ್ಟುತ್ತಿರಲಿಲ್ಲ. ಆದರೆ ಒಂದು ದೃಶ್ಯ ಬಂದಾಗ, ಇದರಲ್ಲಿ ಕಾಣುವವರ ಮನೆಯಲ್ಲಿ ಯಾರೋ ಕಾಯುತ್ತಿದ್ದಾರೆ, ಅವರಿಗೆ ಇದು ಇನ್ನೂ ತಿಳಿದಿಲ್ಲದಿರಬಹುದು ಎಂದುಕೊಂಡು ಬೆರಳನ್ನು ತಡೆಯಿರಿ. ಆ ಜಾಗದಲ್ಲಿ ನಿಮ್ಮ ಅಕ್ಕನೋ ತಮ್ಮನೋ ಇದ್ದಿದ್ದರೆ ಏನೇನು ವಿಚಾರಿಸುತ್ತಿದ್ದಿರೋ ಅದನ್ನೆಲ್ಲ ವಿಚಾರಿಸಿದ ಮೇಲೆ ನಂಬಿ.

ಕಡೆಗೊಂದು ಕೆಲಸದ ಮಾತು. ನೋಡುವವರ ಯುದ್ಧ ಚಾನೆಲ್ಲುಗಳ ಸಂಗ್ರಹದಲ್ಲಿ, ಯೂಟ್ಯೂಬಿನಲ್ಲಿ ಭದ್ರವಾಗಿದೆ. ಕಾಯುವವರ ಯುದ್ಧ ದಿನದಿನವೂ ಅಳಿಸಿಹೋಗುತ್ತಿದೆ. ಟೆಲಿಗ್ರಾಂ ಸೇವೆ 2013ರ ಜುಲೈಯಲ್ಲಿ ನಿಂತಿತು. ಮನೆಗಳಲ್ಲಿದ್ದ ಹಳೆಯ ತಂತಿ ಕಾಗದಗಳು ಗೆದ್ದಲಿಗೆ ಹೋಗುತ್ತಿವೆ. ಖಾರ್ಕಿವ್‌ನಿಂದ, ಇಸ್ರೇಲಿನ ಅಶ್ಕೆಲೋನ್‌ನಿಂದ ಬಂದ ವಾಯ್ಸ್ ಮೆಸೇಜುಗಳು ಫೋನ್ ಬದಲಿಸಿದಾಗ ಹೋಗಿಬಿಡುತ್ತವೆ. ಈ ಕಾಲೇಜಿನ ಇತಿಹಾಸ ವಿಭಾಗದವರೊಂದಿಗೆ ಮಾತಾಡಿದ್ದೇನೆ, ಅಂಥವುಗಳ ಪ್ರತಿ ತೆಗೆದಿಡಲು ಒಪ್ಪಿದ್ದಾರೆ. ನಿಮ್ಮ ಮನೆಯಲ್ಲಿ ಸೈನಿಕರ ಇನ್‌ಲ್ಯಾಂಡ್ ಕಾಗದ, ತಂತಿ, ಧ್ವನಿ ಸಂದೇಶ, ಏನಿದ್ದರೂ ತನ್ನಿ. ಮೂಲವನ್ನು ಅಂದೇ ಹಿಂದಕ್ಕೆ ಕೊಡುತ್ತಾರೆ. ಹೆಸರು ಹಾಕುವುದು ಬೇಡವೆಂದರೆ ಹಾಕುವುದಿಲ್ಲ. ಎಲ್ಲಿಂದ ಬಂತು, ಯಾವ ದಿನ ಬಂತು, ಮನೆಯಲ್ಲಿ ಅದನ್ನು ಮೊದಲು ಓದಿದವರು ಅಥವಾ ಕೇಳಿದವರು ಯಾರು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಜೊತೆಗಿಡಿ.